ಶಿಕ್ಷಕರ ಮೌಲ್ಯಮಾಪನ: ಯಾರ ಮಾತಿಗೆ ಎಷ್ಟು ತೂಕ?

ಶಾಲೆಯ ಆಡಳಿತ ಮಂಡಳಿಯವರು, ಹೊಸದಾಗಿ ಮುಖ್ಯ ಶಿಕ್ಷಕರ ಹೊಣೆ ಹೊತ್ತವರು, ಶಿಕ್ಷಕರ ಸಂಘದ ಪದಾಧಿಕಾರಿಗಳು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಶಿಕ್ಷಕರ ಕೆಲಸವನ್ನು ಯಾವ ವಿಧಾನದಿಂದ ಅಳೆದರೆ ನ್ಯಾಯವಾಗುತ್ತದೆ? ಪರೀಕ್ಷೆಯ ಫಲಿತಾಂಶ ಸಾಕೇ, ತರಗತಿಗೆ ಹೋಗಿ ನೋಡಬೇಕೇ, ಮಕ್ಕಳನ್ನು ಕೇಳಬೇಕೇ, ಸಹೋದ್ಯೋಗಿಗಳಿಗೆ ಬಿಡಬೇಕೇ? ಕೇಳುವವರ ಮುಂದೆ ಆಗಲೇ ನಾಲ್ಕೈದು ನಮೂನೆಗಳು ಇರುತ್ತವೆ. ಒಂದೊಂದರ ಬೆನ್ನಿಗೂ ಅದನ್ನೇ ಬಲವಾಗಿ ಬಯಸುವ ಒಂದು ಗುಂಪು ಇರುತ್ತದೆ.

ಈ ಗುಂಪುಗಳ ಭಿನ್ನಾಭಿಪ್ರಾಯವನ್ನು ಬರೀ ಹಟವೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಪೋಷಕರಿಗೆ ಮನೆಗೆ ಬಂದ ಮಗು ಕಾಣುತ್ತದೆ, ತರಗತಿ ಕಾಣುವುದಿಲ್ಲ. ಮುಖ್ಯ ಶಿಕ್ಷಕರಿಗೆ ವರ್ಷದಲ್ಲಿ ಕೆಲವು ಪಾಠಗಳು ಕಾಣುತ್ತವೆ, ಉಳಿದ ನೂರಾರು ಪಾಠಗಳು ಕಾಣುವುದಿಲ್ಲ. ವಿದ್ಯಾರ್ಥಿಗಳು ಎಲ್ಲ ಪಾಠಗಳಲ್ಲೂ ಕುಳಿತಿರುತ್ತಾರೆ; ಆದರೆ ಅದೇ ವಿಷಯವನ್ನು ಇನ್ನೂ ಚೆನ್ನಾಗಿ ಕಲಿಸಬಹುದಿತ್ತೇ ಎಂಬುದನ್ನು ಅಳೆಯಲು ಅವರಿಗೆ ಆಧಾರವಿಲ್ಲ. ದೂರದ ಕಚೇರಿಗೆ ತಲುಪುವುದು ಅಂಕಗಳು ಮಾತ್ರ. ಯಾರಿಗೆ ಏನು ಕಾಣುತ್ತದೆಯೋ ಅದನ್ನಷ್ಟೇ ಅವರಿಂದ ಕೇಳಬೇಕು, ಕಾಣದ್ದನ್ನು ಕೇಳಿ ಅದರ ಮೇಲೆ ತೀರ್ಪು ಬರೆದಾಗಲೇ ಅನ್ಯಾಯ ಶುರುವಾಗುತ್ತದೆ ಎಂಬುದು ನನ್ನ ನಿಲುವು. ಮುಂದಿನ ಹೋಲಿಕೆಯೆಲ್ಲ ಈ ನಿಲುವಿನ ಮೇಲೆಯೇ ನಿಂತಿದೆ.

ಹೋಲಿಸುವ ಮೊದಲು

ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಕೆಲವು ಮಾನದಂಡಗಳು ಬೇಕು. ಅವುಗಳಲ್ಲಿ ಮೊದಲನೆಯದು ಉಳಿದೆಲ್ಲವನ್ನೂ ನಿರ್ಧರಿಸುತ್ತದೆ: ಈ ಮೌಲ್ಯಮಾಪನ ಯಾತಕ್ಕೆ? ಶಿಕ್ಷಕರು ಮುಂದಿನ ತಿಂಗಳು ಇನ್ನೂ ಚೆನ್ನಾಗಿ ಕಲಿಸಲಿ ಎಂದೋ, ಯಾರಿಗೆ ಬಡ್ತಿ, ಯಾರಿಗೆ ವೇತನ ಹೆಚ್ಚಳ, ಯಾರನ್ನು ಮುಂದುವರಿಸಬಾರದು ಎಂದು ತೀರ್ಮಾನಿಸಲೆಂದೋ? ಎರಡೂ ಸರಿಯಾದ ಉದ್ದೇಶಗಳೇ. ಆದರೆ ಒಂದೇ ಕಾಗದದಿಂದ ಎರಡನ್ನೂ ಸಾಧಿಸಲು ಹೊರಟರೆ ಸಾಮಾನ್ಯವಾಗಿ ಮೊದಲನೆಯದು ಸಾಯುತ್ತದೆ. ತನ್ನ ಕೆಲಸ ಉಳಿಯುವುದು ಅದೇ ಹಾಳೆಯ ಮೇಲೆ ಎಂದು ತಿಳಿದ ಶಿಕ್ಷಕಿ ‘ಭಿನ್ನರಾಶಿ ಕಲಿಸುವಾಗ ನನಗೆ ಕಷ್ಟವಾಗುತ್ತಿದೆ’ ಎಂದು ಅದರಲ್ಲಿ ಏಕೆ ಬರೆಯುತ್ತಾರೆ?

ಎರಡನೆಯದಾಗಿ, ಅಳೆಯುತ್ತಿರುವುದು ಬೋಧನೆಯನ್ನೇ ಹೌದೇ, ಅಥವಾ ಮಕ್ಕಳ ಮನೆಯ ಸ್ಥಿತಿಯನ್ನೋ, ಹಿಂದಿನ ವರ್ಷದ ಶಿಕ್ಷಕರ ಕೆಲಸವನ್ನೋ ಎಂದು ನೋಡಬೇಕು. ಮೂರನೆಯದು ಸ್ಥಿರತೆ. ಏರಿದಾಗಲೆಲ್ಲ ಬೇರೆ ತೂಕ ತೋರಿಸುವ ತಕ್ಕಡಿಯನ್ನು ನಂಬಿ ಯಾರ ಉದ್ಯೋಗವನ್ನೂ ತೂಗಬಾರದು. ನಾಲ್ಕನೆಯದು ಖರ್ಚು. ಇಲ್ಲಿ ಹಣಕ್ಕಿಂತ ಹೆಚ್ಚು ತಗಲುವುದು ಅನುಭವಿ ಶಿಕ್ಷಕರ ಸಮಯ, ಅದನ್ನು ಬಹಳ ಶಾಲೆಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಐದನೆಯದು, ಆ ಅಳತೆಯ ಮೇಲೆ ಒತ್ತಡ ಬಿದ್ದಾಗ ಏನಾಗುತ್ತದೆ ಎಂಬುದು. ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಹೇಳಿದ ಮಾತು ಇಂದಿಗೂ ನಿಜ: ಯಾವುದಾದರೂ ಒಂದು ಸಂಖ್ಯೆಯನ್ನು ನಿರ್ಧಾರಗಳಿಗೆ ಹೆಚ್ಚು ಹೆಚ್ಚು ಬಳಸಿದಷ್ಟೂ ಅದನ್ನು ತಿರುಚುವ ಒತ್ತಡ ಹೆಚ್ಚುತ್ತದೆ, ಅದು ಅಳೆಯಬೇಕಾಗಿದ್ದ ಕೆಲಸವೇ ಕೆಡುತ್ತದೆ. ಕೊನೆಯದಾಗಿ, ಫಲಿತಾಂಶ ಕೈಗೆ ಬಂದ ಮೇಲೆ ಶಿಕ್ಷಕರಿಗೆ ನಾಳೆಯ ತರಗತಿಯಲ್ಲಿ ಏನನ್ನು ಬದಲಿಸಬೇಕೆಂದು ಅದರಿಂದ ತಿಳಿಯುತ್ತದೆಯೇ?

ಪರೀಕ್ಷೆಯ ಫಲಿತಾಂಶ

ಇಲಾಖೆ, ಆಡಳಿತ ಮಂಡಳಿ ಮತ್ತು ಬಹಳಷ್ಟು ಪೋಷಕರ ಮೊದಲ ಆಯ್ಕೆ ಇದು. ಅವರ ವಾದಕ್ಕೆ ಬಲವಿದೆ. ಮಗು ಕಲಿಯಬೇಕು ಎಂಬುದಕ್ಕಾಗಿಯೇ ಶಾಲೆ ಇರುವುದು. ಕಲಿಕೆಯನ್ನು ನೋಡದೆ ಕಲಿಸುವಿಕೆಯನ್ನು ಹೇಗೆ ಅಳೆಯುವುದು? ಅಂಕಗಳು ಹೇಗೂ ಕೈಯಲ್ಲಿವೆ, ಹೊಸ ಖರ್ಚಿಲ್ಲ, ಮುಖ್ಯ ಶಿಕ್ಷಕರ ಮರ್ಜಿಗೆ ಅಲ್ಲಿ ಜಾಗವಿಲ್ಲ.

ಆದರೆ ಬರೀ ಶೇಕಡಾವಾರು ಫಲಿತಾಂಶ ನೋಡಿ ಶಿಕ್ಷಕರನ್ನು ಹೋಲಿಸುವುದು ಅತ್ಯಂತ ಕೆಟ್ಟ ದಾರಿ, ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಓದಲು ಬಲ್ಲ ಮಕ್ಕಳನ್ನು ಪಡೆದವರು ಮತ್ತು ಅಕ್ಷರವನ್ನೇ ಮರೆತ ಮಕ್ಕಳನ್ನು ಪಡೆದವರು ಒಂದೇ ಗೆರೆಯಿಂದ ಓಟ ಆರಂಭಿಸಿಲ್ಲ. ಇಂಗ್ಲೆಂಡ್ ಇದನ್ನು ಬಹಳ ಹಿಂದೆಯೇ ಮಾಡಿ ನೋಡಿತ್ತು. ರಾಬರ್ಟ್ ಲೋ ಅವರ ನೇತೃತ್ವದಲ್ಲಿ 1862ರಲ್ಲಿ ಜಾರಿಗೆ ಬಂದ ಸಂಹಿತೆಯ ಪ್ರಕಾರ ಶಾಲೆಗೆ ಸಿಗುವ ಅನುದಾನವು ಮಕ್ಕಳ ಹಾಜರಾತಿಯನ್ನೂ ಓದು, ಬರಹ, ಲೆಕ್ಕದ ಪರೀಕ್ಷೆಯಲ್ಲಿ ಅವರು ಪಾಸಾಗುವುದನ್ನೂ ಅವಲಂಬಿಸಿತ್ತು. ಪರಿಣಾಮವಾಗಿ ಪಾಠಗಳು ಪರೀಕ್ಷಕರ ಪ್ರಶ್ನೆಗಳಿಗೆ ಉರು ಹೊಡೆಸುವ ಮಟ್ಟಕ್ಕೆ ಕುಗ್ಗಿದವು. ಆ ಶತಮಾನ ಮುಗಿಯುವುದರೊಳಗೆ ಅದನ್ನು ಕೈಬಿಡಲಾಯಿತು.

ಇದಕ್ಕೆ ಪರಿಹಾರವೆಂದು ಬಂದದ್ದು ಪ್ರಗತಿಯ ಅಳತೆ. ಮಗು ವರ್ಷದ ಆರಂಭದಲ್ಲಿ ಎಲ್ಲಿತ್ತು, ಕೊನೆಗೆ ಎಲ್ಲಿಗೆ ಬಂದಿತು, ಅಂತಹ ಮಕ್ಕಳಿಂದ ಸಾಮಾನ್ಯವಾಗಿ ನಿರೀಕ್ಷಿಸುವುದಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂದು ಲೆಕ್ಕ ಹಾಕುವುದು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಸ್ಯಾಂಡರ್ಸ್ ರೂಪಿಸಿದ ಇಂತಹ ಒಂದು ವಿಧಾನವನ್ನು ಅಮೆರಿಕದ ಟೆನೆಸ್ಸಿ ರಾಜ್ಯ 1992ರಲ್ಲಿ ಕಾನೂನಿನ ಮೂಲಕ ಅಳವಡಿಸಿಕೊಂಡಿತು. ಬರೀ ಫಲಿತಾಂಶಕ್ಕಿಂತ ಇದು ಎಷ್ಟೋ ಪಾಲು ಮೇಲು. ರಾಜ್ ಚೆಟ್ಟಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಅಳತೆಯಲ್ಲಿ ಮುಂದಿದ್ದ ಶಿಕ್ಷಕರ ಕೈಯಲ್ಲಿ ಕಲಿತ ಮಕ್ಕಳು ಮುಂದೆ ಕಾಲೇಜು ಸೇರುವ ಸಾಧ್ಯತೆ ಹೆಚ್ಚೆಂದು, ದೊಡ್ಡವರಾದ ಮೇಲೆ ಅವರ ಗಳಿಕೆಯೂ ಹೆಚ್ಚೆಂದು ತೋರಿಸಿದವು. ಅಂದರೆ ಈ ಸಂಖ್ಯೆಯಲ್ಲಿ ನಿಜವಾದದ್ದು ಏನೋ ಇದೆ.

ತೊಡಕು ಇರುವುದು ಒಬ್ಬೊಬ್ಬ ಶಿಕ್ಷಕರ ಮಟ್ಟಕ್ಕೆ ಇಳಿದಾಗ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2014ರ ತನ್ನ ಹೇಳಿಕೆಯಲ್ಲಿ, ಹೆಚ್ಚಿನ ಅಧ್ಯಯನಗಳ ಪ್ರಕಾರ ವಿದ್ಯಾರ್ಥಿಗಳ ಅಂಕಗಳಲ್ಲಿನ ವ್ಯತ್ಯಾಸದ ಶೇಕಡಾ 1ರಿಂದ 14ರಷ್ಟಕ್ಕೆ ಮಾತ್ರ ಶಿಕ್ಷಕರು ಕಾರಣ ಎಂದು ನೆನಪಿಸಿತು. ಉಳಿದದ್ದು ಶಿಕ್ಷಕರ ಕೈಮೀರಿದ ಸಂಗತಿಗಳಿಂದ ಬರುತ್ತದೆ. ತರಗತಿ ಚಿಕ್ಕದಾದಷ್ಟೂ ಸಂಖ್ಯೆ ಹೆಚ್ಚು ಓಲಾಡುತ್ತದೆ: ಇಪ್ಪತ್ತು ಮಕ್ಕಳಲ್ಲಿ ಮೂವರು ಪರೀಕ್ಷೆಯ ದಿನ ಜ್ವರದಲ್ಲಿದ್ದರೆ ಶಿಕ್ಷಕರ ‘ಗುಣಮಟ್ಟ’ ಕುಸಿಯುತ್ತದೆ. ಚಿತ್ರಕಲೆ, ಸಂಗೀತ, ದೈಹಿಕ ಶಿಕ್ಷಣ, ಒಂದನೆಯ ತರಗತಿ ಇವಕ್ಕೆಲ್ಲ ಹೋಲಿಸಬಹುದಾದ ಪರೀಕ್ಷೆಗಳೇ ಇರುವುದಿಲ್ಲ.

ಶಿಕ್ಷಕರ ಕಡೆಯಿಂದ ನೋಡಿದರೆ ಇನ್ನೂ ದೊಡ್ಡ ಆಕ್ಷೇಪವಿದೆ. ಟೆಕ್ಸಸ್‌ನ ಹ್ಯೂಸ್ಟನ್ ಜಿಲ್ಲೆಯ ಶಿಕ್ಷಕರು ಹೂಡಿದ ದಾವೆಯಲ್ಲಿ 2017ರಲ್ಲಿ ನ್ಯಾಯಾಲಯ ಎತ್ತಿಹಿಡಿದ ಅಂಶ ಇದೇ: ಖಾಸಗಿ ಸೂತ್ರದಿಂದ ಲೆಕ್ಕ ಹಾಕಿದ ಅಂಕ ಸರಿಯೋ ತಪ್ಪೋ ಎಂದು ಪರಿಶೀಲಿಸುವ ದಾರಿಯೇ ಶಿಕ್ಷಕರಿಗಿರಲಿಲ್ಲ. ತನ್ನ ವಿರುದ್ಧದ ಲೆಕ್ಕವನ್ನು ತಾನೇ ನೋಡಲಾಗದಿದ್ದರೆ ಅದನ್ನು ಮೌಲ್ಯಮಾಪನ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಒತ್ತಡದ ಪರಿಣಾಮಕ್ಕೆ ಅಟ್ಲಾಂಟಾ ನಗರದ ಉದಾಹರಣೆ ಸಾಕು. ಅಲ್ಲಿ 2011ರ ತನಿಖಾ ವರದಿಯು ಮಕ್ಕಳ ಉತ್ತರಗಳನ್ನು ತಿದ್ದಿದ್ದೂ ಸೇರಿದಂತೆ ಪರೀಕ್ಷಾ ಅಕ್ರಮಗಳಲ್ಲಿ 178 ಶಿಕ್ಷಕರು ಮತ್ತು ಪ್ರಾಂಶುಪಾಲರನ್ನು ಹೆಸರಿಸಿತು. ಹಾಗೆಂದು ಫಲಿತಾಂಶಕ್ಕೆ ಪ್ರೋತ್ಸಾಹಧನ ಕೊಟ್ಟಲ್ಲೆಲ್ಲ ಮೋಸವೇ ನಡೆಯುತ್ತದೆ ಎನ್ನಲಾಗದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಮಕ್ಕಳ ಪ್ರಗತಿಗೆ ತಕ್ಕಂತೆ ಶಿಕ್ಷಕರಿಗೆ ಬೋನಸ್ ಕೊಟ್ಟಾಗ ಗಣಿತ ಮತ್ತು ಭಾಷೆಯ ಜೊತೆಗೆ ಬೋನಸ್ ಇಲ್ಲದ ವಿಜ್ಞಾನ, ಸಮಾಜ ವಿಷಯಗಳಲ್ಲೂ ಮಕ್ಕಳು ಮುಂದೆ ಬಂದರು. ಅಲ್ಲಿ ಪರೀಕ್ಷೆಯನ್ನು ಶಾಲೆಯ ಹೊರಗಿನವರು ನಡೆಸಿದರು. ಕಡಿಮೆ ಬಂದವರಿಗೆ ಶಿಕ್ಷೆ ಇರಲಿಲ್ಲ, ಹೆಚ್ಚು ಬಂದವರಿಗೆ ಬಹುಮಾನವಿತ್ತು. ಈ ಎರಡು ವಿವರಗಳು ಮುಖ್ಯ. ಅದೇ ನ್ಯೂಯಾರ್ಕ್ ನಗರದಲ್ಲಿ ಇಡೀ ಶಾಲೆಗೆ ಬೋನಸ್ ಕೊಡುವ ಯೋಜನೆಯಿಂದ ಮಕ್ಕಳ ಕಲಿಕೆಯಲ್ಲಿ ಸುಧಾರಣೆ ಕಾಣಲಿಲ್ಲ.

ನನ್ನ ಸಲಹೆ: ಪ್ರಗತಿಯ ಅಂಕಗಳನ್ನು ಪ್ರಶ್ನೆ ಎತ್ತಲು ಬಳಸಿ, ಉತ್ತರ ಬರೆಯಲು ಬಳಸಬೇಡಿ. ಎರಡು ಮೂರು ವರ್ಷ ಸತತವಾಗಿ ಒಬ್ಬರ ತರಗತಿಯಲ್ಲಿ ಪ್ರಗತಿ ಕಡಿಮೆಯಿದ್ದರೆ, ಹೋಗಿ ನೋಡಲು ಅದು ಸಾಕಷ್ಟು ಕಾರಣ. ಒಂದೇ ವರ್ಷದ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಬಾರದು.

ಮುಖ್ಯ ಶಿಕ್ಷಕರ ತರಗತಿ ವೀಕ್ಷಣೆ

ಶಿಕ್ಷಕರನ್ನು ಕೇಳಿದರೆ ‘ಅಂಕ ನೋಡಬೇಡಿ, ಬಂದು ಪಾಠ ನೋಡಿ’ ಎನ್ನುತ್ತಾರೆ. ವೀಕ್ಷಣೆಯ ದೊಡ್ಡ ಗುಣ, ನಾಳೆ ಏನು ಬದಲಿಸಬೇಕೆಂದು ಅದರಿಂದ ತಿಳಿಯುತ್ತದೆ. ‘ನೀವು ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಯೋಚಿಸಲು ಸಮಯ ಕೊಡಲಿಲ್ಲ’ ಎಂಬ ಒಂದು ಮಾತು ಇಡೀ ಪುಟದ ಅಂಕಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಖ್ಯ ಶಿಕ್ಷಕರ ಕಣ್ಣು ಎಷ್ಟು ನಂಬಿಕೆಗೆ ಅರ್ಹ? ಬ್ರಯನ್ ಜೇಕಬ್ ಮತ್ತು ಲಾರ್ಸ್ ಲೆಫ್‌ಗ್ರೆನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ: ಮಕ್ಕಳ ಕಲಿಕೆಯನ್ನು ಅತಿ ಹೆಚ್ಚು ಮುಂದಕ್ಕೆ ಒಯ್ಯುವವರು ಯಾರು, ಅತಿ ಕಡಿಮೆ ಒಯ್ಯುವವರು ಯಾರು ಎಂದು ಪ್ರಾಂಶುಪಾಲರು ಸಾಕಷ್ಟು ಚೆನ್ನಾಗಿಯೇ ಗುರುತಿಸುತ್ತಾರೆ, ನಡುವಿನ ಬಹುಸಂಖ್ಯಾತರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಹೇಳುವುದು ಅವರಿಗೆ ಕಷ್ಟ. ಆದ್ದರಿಂದ ನಡುವಿನ ಶಿಕ್ಷಕರನ್ನು ಒಂದನೆಯವರು, ಏಳನೆಯವರು, ಹದಿನಾಲ್ಕನೆಯವರು ಎಂದು ಸಾಲಾಗಿ ನಿಲ್ಲಿಸುವ ಪಟ್ಟಿಗಳಿಗೆ ಆಧಾರವಿಲ್ಲ. ಅಂತಹ ಪಟ್ಟಿ ಸಿಬ್ಬಂದಿ ಕೊಠಡಿಯ ಗೋಡೆಗೆ ಅಂಟಿದ ದಿನ ಶಿಕ್ಷಕರು ಒಬ್ಬರಿಗೊಬ್ಬರು ಟಿಪ್ಪಣಿ ಹಂಚಿಕೊಳ್ಳುವುದೂ ನಿಲ್ಲುತ್ತದೆ.

ಇನ್ನೊಂದು ತೊಡಕು ಮನುಷ್ಯ ಸ್ವಭಾವದ್ದು. ಅಮೆರಿಕದ ನಾಲ್ಕು ರಾಜ್ಯಗಳ ಹನ್ನೆರಡು ಜಿಲ್ಲೆಗಳನ್ನು ಪರಿಶೀಲಿಸಿದ 2009ರ ಒಂದು ವರದಿಯಲ್ಲಿ, ‘ತೃಪ್ತಿಕರ’ ಮತ್ತು ‘ಅತೃಪ್ತಿಕರ’ ಎಂಬ ಎರಡೇ ಶ್ರೇಣಿಗಳಿದ್ದ ಕಡೆ ಅತೃಪ್ತಿಕರ ಎನಿಸಿಕೊಂಡವರು ಶೇಕಡಾ ಒಂದಕ್ಕಿಂತ ಕಡಿಮೆ. ನಂತರ ಶ್ರೇಣಿಗಳನ್ನು ಹೆಚ್ಚಿಸಿದರೂ ಪರಿಸ್ಥಿತಿ ಹೆಚ್ಚು ಬದಲಾಗಲಿಲ್ಲ. ಪ್ರಾಂಶುಪಾಲರು ತಮ್ಮ ಮನಸ್ಸಿನಲ್ಲಿ ದುರ್ಬಲರೆಂದು ಎಣಿಸಿದವರ ಸಂಖ್ಯೆಗಿಂತ ಕಾಗದದ ಮೇಲೆ ಹಾಗೆ ಬರೆದದ್ದು ತೀರಾ ಕಡಿಮೆ ಎಂದು ಮ್ಯಾಥ್ಯೂ ಕ್ರಾಫ್ಟ್ ಮತ್ತು ಆಲಿಸನ್ ಗಿಲ್ಮರ್ 2017ರಲ್ಲಿ ತೋರಿಸಿದರು. ದಿನವೂ ಮುಖ ನೋಡಬೇಕಾದವರ ಬಗ್ಗೆ ಕಠಿಣವಾಗಿ ಬರೆಯುವುದು ಸುಲಭವಲ್ಲ, ಬರೆದ ಮೇಲೆ ಅವರಿಗೆ ನೆರವಾಗಲು ಸಮಯವೂ ಇರುವುದಿಲ್ಲ.

ಶಿಕ್ಷಕರು ಎತ್ತುವ ಪಕ್ಷಪಾತದ ಆತಂಕಕ್ಕೂ ಆಧಾರವಿದೆ. ಮೊದಲೇ ಚೆನ್ನಾಗಿ ಓದುವ ಮಕ್ಕಳಿರುವ ತರಗತಿಯ ಶಿಕ್ಷಕರಿಗೆ ವೀಕ್ಷಣೆಯಲ್ಲೂ ಹೆಚ್ಚು ಅಂಕ ಬೀಳುತ್ತದೆ ಎಂಬುದು ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಕಂಡಿದೆ. ಹಿಂದುಳಿದ ತರಗತಿಯನ್ನು ಒಪ್ಪಿಕೊಂಡವರು ಅದಕ್ಕಾಗಿಯೇ ದಂಡ ತೆರುವಂತಾದರೆ, ಆ ಮಕ್ಕಳಿಗೆ ಒಳ್ಳೆಯ ಶಿಕ್ಷಕರು ಸಿಗುವುದು ಹೇಗೆ?

ಇವೆಲ್ಲಕ್ಕೂ ಬಹುಮಟ್ಟಿಗೆ ಮದ್ದಿದೆ. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ 2009ರಲ್ಲಿ ಆರಂಭವಾಗಿ ಸುಮಾರು 3,000 ಶಿಕ್ಷಕರನ್ನು ಒಳಗೊಂಡ ಅಧ್ಯಯನದಿಂದ ತಿಳಿದುಬಂದ ಒಂದು ಸಂಗತಿಯನ್ನು ಪ್ರತಿ ಶಾಲೆಯೂ ಬಳಸಿಕೊಳ್ಳಬಹುದು: ಒಬ್ಬರೇ ಎರಡು ಪಾಠ ನೋಡುವುದಕ್ಕಿಂತ ಇಬ್ಬರು ಒಂದೊಂದು ಪಾಠ ನೋಡಿದರೆ ಅಂಕದ ವಿಶ್ವಾಸಾರ್ಹತೆ ಹೆಚ್ಚು. ಖರ್ಚು ಹೆಚ್ಚು ಕಡಿಮೆ ಅಷ್ಟೇ. ಹಾಗೆಯೇ ಏನನ್ನು ನೋಡುತ್ತೇವೆಂದು ಮೊದಲೇ ಬರೆದಿಟ್ಟ ವಿವರಣೆ ಬೇಕು. ಶಾರ್ಲೆಟ್ ಡೇನಿಯಲ್‌ಸನ್ 1996ರಲ್ಲಿ ಪ್ರಕಟಿಸಿದ ಚೌಕಟ್ಟು ಬೋಧನೆಯನ್ನು ಪಾಠದ ಸಿದ್ಧತೆ, ತರಗತಿಯ ವಾತಾವರಣ, ಬೋಧನೆ, ವೃತ್ತಿಯ ಹೊಣೆಗಾರಿಕೆ ಎಂದು ನಾಲ್ಕು ಭಾಗ ಮಾಡಿ, ಒಂದೊಂದರಲ್ಲೂ ಯಾವ ಮಟ್ಟ ಹೇಗಿರುತ್ತದೆ ಎಂದು ವಿವರಿಸುತ್ತದೆ. ಅದನ್ನೇ ನಕಲು ಮಾಡಬೇಕಿಲ್ಲ. ಆದರೆ ‘ಪಾಠ ಚೆನ್ನಾಗಿತ್ತು’ ಎಂಬ ಒಂದು ಸಾಲಿನ ಷರಾ ಬರೆಯುವ ಬದಲು ‘ಅರ್ಧಕ್ಕಿಂತ ಹೆಚ್ಚು ಮಕ್ಕಳು ತಾವಾಗಿ ಉತ್ತರ ಕಟ್ಟಿದರು’ ಎಂದು ಕಂಡದ್ದನ್ನು ಬರೆಯುವ ಅಭ್ಯಾಸ ಎಲ್ಲ ಶಾಲೆಗೂ ಬೇಕು.

ಚೆನ್ನಾಗಿ ನಡೆಸಿದರೆ ಫಲವೂ ಇದೆ. ಸಿನ್ಸಿನಾಟಿ ನಗರದಲ್ಲಿ ತರಬೇತಿ ಪಡೆದ ಹೊರಗಿನ ಶಿಕ್ಷಕರು ಮೂರು ಸಲ, ಶಾಲೆಯ ಪ್ರಾಂಶುಪಾಲರು ಒಂದು ಸಲ ಪಾಠ ನೋಡಿ, ವಿವರವಾದ ಹಿಮ್ಮಾಹಿತಿ ಕೊಡುವ ವ್ಯವಸ್ಥೆ ಇತ್ತು. ಎರಿಕ್ ಟೇಲರ್ ಮತ್ತು ಜಾನ್ ಟೈಲರ್ 2012ರಲ್ಲಿ ವರದಿ ಮಾಡಿದಂತೆ, ಹಲವು ವರ್ಷ ಅನುಭವವಿದ್ದ ಶಿಕ್ಷಕರ ತರಗತಿಗಳಲ್ಲಿ ಮಕ್ಕಳ ಗಣಿತದ ಕಲಿಕೆ ಆ ವರ್ಷ ಸುಧಾರಿಸಿತು, ಮೌಲ್ಯಮಾಪನ ಮುಗಿದ ನಂತರದ ವರ್ಷಗಳಲ್ಲೂ ಆ ಸುಧಾರಣೆ ಉಳಿಯಿತು. ಅನುಭವಿಗಳು ಇನ್ನು ಬದಲಾಗುವುದಿಲ್ಲ ಎನ್ನುವವರಿಗೆ ಇದು ತಕ್ಕ ಉತ್ತರ.

ಸಹೋದ್ಯೋಗಿಗಳು

ಶಿಕ್ಷಕರ ಸಂಘಗಳು ಹೆಚ್ಚಾಗಿ ಒಪ್ಪುವ ದಾರಿ ಇದು. ಆಡಳಿತ ಮಂಡಳಿಗಳು ‘ಅವರವರೇ ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಾರೆ’ ಎಂದು ಅನುಮಾನಿಸುವುದೂ ಇದನ್ನೇ. ಓಹಾಯೋ ರಾಜ್ಯದ ಟೊಲೀಡೊ ನಗರದಲ್ಲಿ 1981ರಿಂದ ನಡೆದ ವ್ಯವಸ್ಥೆಯಲ್ಲಿ ಅನುಭವಿ ಶಿಕ್ಷಕರನ್ನು ತರಗತಿಯ ಕೆಲಸದಿಂದ ಬಿಡುವು ಮಾಡಿ, ಹೊಸಬರಿಗೆ ಕಲಿಸುವ ಮತ್ತು ಅವರ ಕೆಲಸದ ಬಗ್ಗೆ ಶಿಫಾರಸು ಮಾಡುವ ಹೊಣೆ ಕೊಡಲಾಯಿತು. ಸಂಘ ಮತ್ತು ಆಡಳಿತ ಎರಡೂ ಕಡೆಯ ಪ್ರತಿನಿಧಿಗಳಿದ್ದ ಸಮಿತಿ ಅಂತಿಮ ಶಿಫಾರಸು ಮಾಡುತ್ತಿತ್ತು. ಮುಂದುವರಿಸಬೇಡಿ ಎಂಬ ಶಿಫಾರಸುಗಳೂ ಅಲ್ಲಿಂದ ಬಂದವು. ಆದ್ದರಿಂದ ಮೇಲಿನ ಅನುಮಾನ ಎಲ್ಲ ಕಡೆಗೂ ಅನ್ವಯಿಸುವುದಿಲ್ಲ.

ಆದರೆ ಚಿಕ್ಕ ಶಾಲೆಯಲ್ಲಿ, ಹತ್ತು ಮಂದಿಯೊಳಗೆ, ಒಬ್ಬರು ಇನ್ನೊಬ್ಬರ ಬಡ್ತಿಗೆ ಅಂಕ ಹಾಕುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಸ್ನೇಹವೂ ಸ್ಪರ್ಧೆಯೂ ಅಲ್ಲಿ ತೀರಾ ಹತ್ತಿರ. ಸಹೋದ್ಯೋಗಿಗಳ ನಿಜವಾದ ಶಕ್ತಿ ತಿದ್ದುವುದರಲ್ಲಿದೆ. ಟೆನೆಸ್ಸಿಯಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಯಾವ ಕೌಶಲದಲ್ಲಿ ಒಬ್ಬರು ಹಿಂದಿದ್ದಾರೋ ಅದೇ ಕೌಶಲದಲ್ಲಿ ಮುಂದಿರುವ ಅದೇ ಶಾಲೆಯ ಶಿಕ್ಷಕರನ್ನು ಅವರ ಜೊತೆಗೂಡಿಸಲಾಯಿತು; ಹಿಂದಿದ್ದವರ ವಿದ್ಯಾರ್ಥಿಗಳ ಕಲಿಕೆ ಮೇಲೇರಿತು. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಕೂಡಿ ಒಂದು ಪಾಠವನ್ನು ರೂಪಿಸಿ, ಒಬ್ಬರು ಅದನ್ನು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ನಂತರ ಚರ್ಚಿಸುವ ಪದ್ಧತಿಯಿದೆ. ಅಲ್ಲಿ ಚರ್ಚೆಯಾಗುವುದು ಪಾಠ, ಶಿಕ್ಷಕರಲ್ಲ. ಹಣವಿಲ್ಲದ ಶಾಲೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುವುದಿಲ್ಲ. ಬೇಕಾದದ್ದು ವೇಳಾಪಟ್ಟಿಯಲ್ಲಿ ಒಂದು ಬಿಡುವಿನ ಅವಧಿ ಮಾತ್ರ.

ವಿದ್ಯಾರ್ಥಿಗಳ ಅಭಿಪ್ರಾಯ

ಇದರ ಬಗ್ಗೆ ಶಿಕ್ಷಕರಿಗೆ ಹೆಚ್ಚು ಭಯ, ಆಡಳಿತಕ್ಕೆ ಹೆಚ್ಚು ಆಸೆ. ಎರಡೂ ಅರ್ಧ ಸರಿ.

ಕಾಲೇಜಿನ ಮಟ್ಟದಲ್ಲಿ ದೊರೆತ ಪುರಾವೆ ಎಚ್ಚರಿಸುತ್ತದೆ. ಬಾಬ್ ಉಟ್ಲ್ ಮತ್ತು ಸಂಗಡಿಗರು 2017ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ವಿದ್ಯಾರ್ಥಿಗಳು ಕೊಟ್ಟ ಅಂಕಕ್ಕೂ ಅವರು ಕಲಿತದ್ದಕ್ಕೂ ಸಂಬಂಧವೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡರು. ಅಮೆರಿಕದ ವಾಯುಪಡೆ ಅಕಾಡೆಮಿಯ ವಿದ್ಯಾರ್ಥಿಗಳ ಕುರಿತ 2010ರ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದ್ದು: ಅಲ್ಲಿ ಆ ವಿಷಯದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದುಕೊಟ್ಟ ಅಧ್ಯಾಪಕರನ್ನು ವಿದ್ಯಾರ್ಥಿಗಳು ಮೆಚ್ಚಿದರು, ಆದರೆ ಮುಂದಿನ ಹಂತದ ವಿಷಯಗಳಲ್ಲಿ ಚೆನ್ನಾಗಿ ಮಾಡಿದವರು, ಅಷ್ಟಾಗಿ ಮೆಚ್ಚುಗೆ ಪಡೆಯದ ಅಧ್ಯಾಪಕರ ಬಳಿ ಕಲಿತವರು. ಆನ್‌ಲೈನ್ ಕೋರ್ಸ್ ಒಂದರಲ್ಲಿ ಅಧ್ಯಾಪಕರು ಗಂಡೆಂದು ನಂಬಿಸಿದಾಗ ಬಂದ ಅಂಕ, ಹೆಣ್ಣೆಂದು ನಂಬಿಸಿದಾಗ ಬಂದದ್ದಕ್ಕಿಂತ ಹೆಚ್ಚಾಗಿತ್ತು ಎಂದು 2015ರ ಇನ್ನೊಂದು ಪ್ರಯೋಗ ತೋರಿಸಿತು.

ಇಷ್ಟಾದರೂ ಶಾಲೆಗಳಲ್ಲಿ ಮಕ್ಕಳ ಪ್ರಶ್ನಾವಳಿಯನ್ನು ಕೈಬಿಡಬಾರದೆಂದೇ ನಾನು ಹೇಳುತ್ತೇನೆ. ಮೇಲೆ ಹೇಳಿದ 3,000 ಶಿಕ್ಷಕರ ಅಧ್ಯಯನದಲ್ಲಿ, ರೊನಾಲ್ಡ್ ಫರ್ಗ್ಯೂಸನ್ ರೂಪಿಸಿದ ಪ್ರಶ್ನಾವಳಿಯ ಉತ್ತರಗಳು ಸ್ಥಿರವಾಗಿದ್ದವು ಮತ್ತು ಕಲಿಕೆಯ ಪ್ರಗತಿಯೊಂದಿಗೆ ಹೊಂದಿಕೆಯಾದವು. ಅಂತರ ಹುಟ್ಟುವುದು ಪ್ರಶ್ನೆಯಲ್ಲಿ. ‘ಈ ಶಿಕ್ಷಕರು ನಿನಗೆ ಇಷ್ಟವೇ’, ‘ಇವರಿಗೆ ವಿಷಯದ ಜ್ಞಾನ ಎಷ್ಟಿದೆ’ ಎಂದು ಕೇಳಿದರೆ ಮಗುವಿಗೆ ಕಾಣದ್ದನ್ನು ಕೇಳಿದಂತೆ, ಅಥವಾ ಜನಪ್ರಿಯತೆಯನ್ನು ಅಳೆದಂತೆ. ‘ಅರ್ಥವಾಗದಿದ್ದಾಗ ಇನ್ನೊಂದು ರೀತಿಯಲ್ಲಿ ವಿವರಿಸುತ್ತಾರೆಯೇ’, ‘ನೀನು ಬರೆದದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಸುತ್ತಾರೆಯೇ’, ‘ಪಾಠದ ಸಮಯ ಗಲಾಟೆಯಲ್ಲಿ ಹಾಳಾಗುತ್ತದೆಯೇ’ ಎಂದರೆ ಮಗು ಕಂಡದ್ದನ್ನು ಹೇಳುತ್ತದೆ. ಹೆಸರು ಬರೆಸಬಾರದು. ಆ ಶಿಕ್ಷಕರ ಎದುರಿಗೇ ತುಂಬಿಸಬಾರದು. ಅಂಕಪಟ್ಟಿ ಕೊಟ್ಟ ದಿನವಂತೂ ಕೂಡದು. ಓದಿ ಉತ್ತರಿಸಲಾಗದ ಚಿಕ್ಕ ಮಕ್ಕಳಿಗೆ ಇದನ್ನು ಹೇರುವುದು ಬೇಡ.

ಮತ್ತೊಂದು ಮಾತು. ಫಲಿತಾಂಶ ಮೊದಲು ಶಿಕ್ಷಕರ ಕೈಗೇ ಹೋಗಲಿ. ತನ್ನ ತರಗತಿಯ ಅರ್ಧದಷ್ಟು ಮಕ್ಕಳು ‘ಪ್ರಶ್ನೆ ಕೇಳಲು ಹೆದರಿಕೆಯಾಗುತ್ತದೆ’ ಎಂದು ಬರೆದದ್ದನ್ನು ಏಕಾಂತದಲ್ಲಿ ಓದಿದ ಶಿಕ್ಷಕರು ಬದಲಾಗುವ ಸಾಧ್ಯತೆ, ಸಭೆಯಲ್ಲಿ ಅದನ್ನು ಕೇಳಿಸಿಕೊಂಡವರಿಗಿಂತ ಹೆಚ್ಚು ಎಂಬುದು ನನ್ನ ನಂಬಿಕೆ.

ಪೋಷಕರು

ಪೋಷಕರಿಗೆ ಬೇಕಾದದ್ದು ಅಂಕ ಮಾತ್ರ ಎಂಬ ಊಹೆ ತಪ್ಪು. ತಮ್ಮ ಮಕ್ಕಳಿಗೆ ಇಂಥವರೇ ಬೇಕು ಎಂದು ಪೋಷಕರು ಸಲ್ಲಿಸಿದ ಕೋರಿಕೆಗಳನ್ನು ಜೇಕಬ್ ಮತ್ತು ಲೆಫ್‌ಗ್ರೆನ್ 2007ರಲ್ಲಿ ವಿಶ್ಲೇಷಿಸಿದಾಗ, ಅನುಕೂಲಸ್ಥ ಕುಟುಂಬಗಳ ಶಾಲೆಗಳಲ್ಲಿ ಮಕ್ಕಳನ್ನು ಖುಷಿಯಾಗಿಡುವ ಶಿಕ್ಷಕರಿಗೆ ಬೇಡಿಕೆ ಹೆಚ್ಚಿತ್ತು, ಬಡ ಕುಟುಂಬಗಳ ಶಾಲೆಗಳಲ್ಲಿ ಕಲಿಕೆಯನ್ನು ಮೇಲೆತ್ತುವವರಿಗೆ ಹೆಚ್ಚಿತ್ತು. ‘ಪೋಷಕರ ಅಭಿಪ್ರಾಯ’ ಎಂಬ ಒಂದೇ ಅಂಕಣದಲ್ಲಿ ಇಷ್ಟು ಭಿನ್ನವಾದ ಬಯಕೆಗಳನ್ನು ಸೇರಿಸಿ ಸರಾಸರಿ ತೆಗೆದರೆ ಅದಕ್ಕೆ ಅರ್ಥವಿರುವುದಿಲ್ಲ. ಮಗುವಿನ ತೊಂದರೆಯನ್ನು ಶಿಕ್ಷಕರು ಸಮಯಕ್ಕೆ ತಿಳಿಸುತ್ತಾರೆಯೇ, ಭೇಟಿಗೆ ಸಿಗುತ್ತಾರೆಯೇ, ಮಗು ಶಾಲೆಗೆ ಹೋಗಲು ಅಂಜುತ್ತದೆಯೇ ಎಂಬುದನ್ನು ಅವರಿಂದ ಕೇಳಿ. ಬೋಧನೆಗೆ ಅಂಕ ಹಾಕಿಸಬೇಡಿ. ಸಭೆಗೆ ಬರಲು, ಗಟ್ಟಿಯಾಗಿ ಮಾತನಾಡಲು ಆಗುವವರ ದನಿಯಷ್ಟೇ ದಾಖಲಾಗದಂತೆ ನೋಡಿಕೊಳ್ಳಿ.

ಶಿಕ್ಷಕರದ್ದೇ ದಾಖಲೆ

ಪಾಠ ಯೋಜನೆ, ಮಕ್ಕಳ ಬರಹದ ಮಾದರಿ, ಪಾಠದ ವಿಡಿಯೋ, ಅದರ ಬಗ್ಗೆ ಶಿಕ್ಷಕರ ಟಿಪ್ಪಣಿ ಇವನ್ನೆಲ್ಲ ಸೇರಿಸಿದ ಕಡತವನ್ನು ಹಲವರು ಅತ್ಯಂತ ಗೌರವಯುತ ವಿಧಾನವೆಂದು ಹೇಳುತ್ತಾರೆ. ಚಿಲಿ ದೇಶ 2003ರಲ್ಲಿ ಆರಂಭಿಸಿದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಇಂತಹ ಕಡತಕ್ಕೆ ಶೇಕಡಾ 60, ಸಹೋದ್ಯೋಗಿ ನಡೆಸುವ ಸಂದರ್ಶನಕ್ಕೆ 20, ಸ್ವಯಂ ಮೌಲ್ಯಮಾಪನಕ್ಕೆ 10, ಮೇಲಧಿಕಾರಿಗಳ ವರದಿಗೆ 10 ಎಂದು ತೂಕ ನೀಡಲಾಗಿತ್ತು. ಒಬ್ಬೊಬ್ಬರ ದೃಷ್ಟಿಗೂ ಜಾಗ ಕೊಟ್ಟ ಆ ವಿನ್ಯಾಸ ನನಗೆ ಮೆಚ್ಚುಗೆ. ತೊಂದರೆಯೆಂದರೆ ಕಡತ ಕಟ್ಟಲು ಹಿಡಿಯುವ ಸಮಯ ಪಾಠದ ಸಿದ್ಧತೆಯಿಂದಲೇ ಕಡಿತವಾಗುತ್ತದೆ. ಚೆನ್ನಾಗಿ ಬರೆಯಬಲ್ಲವರು ಚೆನ್ನಾಗಿ ಕಲಿಸುವವರಿಗಿಂತ ಮುಂದೆ ಕಾಣುವ ಅಪಾಯವೂ ಇದೆ. ಬರೀ ಸ್ವಯಂ ಮೌಲ್ಯಮಾಪನವನ್ನು ವೇತನಕ್ಕೆ ಜೋಡಿಸಿದರೆ ಪ್ರಾಮಾಣಿಕರಿಗೆ ನಷ್ಟ. ಆದ್ದರಿಂದ ಅದನ್ನು ವೀಕ್ಷಣೆಯ ನಂತರದ ಮಾತುಕತೆಗೆ ಮೊದಲ ಪುಟವಾಗಿ ಬಳಸಿ, ಅದಕ್ಕೆ ಅಂಕ ಬೇಡ.

ಎಲ್ಲವನ್ನೂ ಕೂಡಿಸಿದರೆ?

ಹಲವು ಅಳತೆಗಳನ್ನು ಬೆರೆಸುವುದು ಒಂದನ್ನೇ ನೆಚ್ಚುವುದಕ್ಕಿಂತ ಮೇಲು. ಆದರೆ ಬೆರಕೆ ತಾನಾಗಿ ಯಾವ ಶಾಲೆಯನ್ನೂ ಉದ್ಧರಿಸುವುದಿಲ್ಲ. ಗೇಟ್ಸ್ ಪ್ರತಿಷ್ಠಾನದ ಬೆಂಬಲದಿಂದ ಹಲವು ಜಿಲ್ಲೆಗಳಲ್ಲಿ ವರ್ಷಗಟ್ಟಲೆ ನಡೆದ ಭಾರೀ ವೆಚ್ಚದ ಯೋಜನೆಯನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯ 2018ರ ವರದಿ, ಮಕ್ಕಳ ಕಲಿಕೆಯಲ್ಲಿ ನಿರೀಕ್ಷಿಸಿದ ಸುಧಾರಣೆ ಆಗಲಿಲ್ಲ ಎಂದಿತು. ಮತ್ತೊಂದೆಡೆ ವಾಷಿಂಗ್ಟನ್ ನಗರ 2009ರಲ್ಲಿ ತಂದ ಕಟ್ಟುನಿಟ್ಟಿನ ವ್ಯವಸ್ಥೆಯಲ್ಲಿ, ವಜಾ ಆಗುವ ಭೀತಿಯಿದ್ದ ಕೆಳಗಿನ ಅಂಕದ ಶಿಕ್ಷಕರು ತಾವಾಗಿ ಬಿಟ್ಟುಹೋದದ್ದೂ, ಉಳಿದವರ ಕೆಲಸ ಸುಧಾರಿಸಿದ್ದೂ ಥಾಮಸ್ ಡೀ ಮತ್ತು ಜೇಮ್ಸ್ ವೈಕಾಫ್ ಅವರ ಅಧ್ಯಯನದಲ್ಲಿ ಕಂಡಿತು. ಅಲ್ಲಿ ದೊಡ್ಡ ಬೋನಸ್‌ಗಳಿದ್ದವು, ಬಿಟ್ಟುಹೋದವರ ಜಾಗಕ್ಕೆ ಒಳ್ಳೆಯವರು ಸಿಗುವ ಸಾಧ್ಯತೆಯೂ ಇತ್ತು. ಖಾಲಿ ಹುದ್ದೆಗೆ ಅರ್ಜಿಯೇ ಬಾರದ ಶಾಲೆ ಆ ದಾರಿಯನ್ನು ನಕಲು ಮಾಡಿದರೆ ಉಳಿಯುವುದು ಶಿಕ್ಷಕರಿಲ್ಲದ ತರಗತಿ.

ಹಾಗಾದರೆ ನಿಮ್ಮ ಶಾಲೆಗೆ ಯಾವುದು? ಹಣವೂ ಸಮಯವೂ ತೀರಾ ಕಡಿಮೆಯಿರುವ ಚಿಕ್ಕ ಶಾಲೆಯಾದರೆ ಅಂಕ ಹಾಕುವುದನ್ನೇ ಬದಿಗಿಡಿ. ಸಹೋದ್ಯೋಗಿಗಳು ಕೂಡಿ ಪಾಠ ನೋಡುವುದು, ವರ್ಷಕ್ಕೊಮ್ಮೆ ಮಕ್ಕಳ ಚಿಕ್ಕ ಪ್ರಶ್ನಾವಳಿ, ಇಷ್ಟು ಸಾಕು. ಮಧ್ಯಮ ಗಾತ್ರದ ಶಾಲೆಯಲ್ಲಿ ಇಬ್ಬರು ಪ್ರತ್ಯೇಕವಾಗಿ ನೋಡುವ ವೀಕ್ಷಣೆ ಮುಖ್ಯ ಆಧಾರವಾಗಲಿ, ಪ್ರಶ್ನಾವಳಿ ಮತ್ತು ಹಲವು ವರ್ಷಗಳ ಪ್ರಗತಿಯ ಅಂಕ ಅದಕ್ಕೆ ಪೂರಕವಾಗಲಿ. ಇಬ್ಬರಲ್ಲಿ ಒಬ್ಬರನ್ನಾದರೂ ಪಕ್ಕದ ಶಾಲೆಯಿಂದ ಕರೆಸಿಕೊಂಡು, ಬದಲಿಗೆ ನಿಮ್ಮವರನ್ನು ಅಲ್ಲಿಗೆ ಕಳುಹಿಸಿದರೆ ಖರ್ಚಿಲ್ಲದೆ ಹೊರಗಿನ ಕಣ್ಣು ಸಿಗುತ್ತದೆ. ಅನೇಕ ಶಾಲೆಗಳನ್ನು ನಡೆಸುವ ಸಂಸ್ಥೆಗಾದರೆ ತರಬೇತಾದ ವೀಕ್ಷಕರ ತಂಡಕ್ಕೆ ಹಣ ಹಾಕುವುದು, ದುಬಾರಿ ಅಂಕಿಅಂಶ ತಂತ್ರಾಂಶಕ್ಕೆ ಹಾಕುವುದಕ್ಕಿಂತ ಸಾರ್ಥಕ.

ಹೊಸ ಶಿಕ್ಷಕರ ಪಾಠವನ್ನು ಮೊದಲ ವರ್ಷ ಹೆಚ್ಚು ಸಲ ನೋಡಿ, ಆದರೆ ಅಂಕ ಹಾಕುವುದು ಕಡಿಮೆ ಸಲ ಇರಲಿ. ಸತತವಾಗಿ ಚೆನ್ನಾಗಿ ಕಲಿಸುತ್ತಿರುವವರನ್ನು ಪ್ರತಿ ವರ್ಷ ಪೂರ್ಣ ಪ್ರಕ್ರಿಯೆಗೆ ಒಳಪಡಿಸಬೇಡಿ. ಉಳಿದ ಸಮಯದಲ್ಲಿ ಅವರು ಇತರರಿಗೆ ನೆರವಾಗಲಿ. ಯಾರನ್ನಾದರೂ ಕೆಲಸದಿಂದ ತೆಗೆಯುವ ಮಾತು ಬಂದರೆ ಕನಿಷ್ಠ ಎರಡು ಬೇರೆ ಬೇರೆ ಮೂಲಗಳ ಪುರಾವೆ, ಒಂದಕ್ಕಿಂತ ಹೆಚ್ಚು ವರ್ಷಗಳ ದಾಖಲೆ ಮತ್ತು ನಡುವೆ ನಿಜವಾಗಿ ಕೊಟ್ಟ ನೆರವಿನ ವಿವರ, ಈ ಮೂರೂ ಇಲ್ಲದೆ ಮುಂದುವರಿಯಬೇಡಿ.

ಯಾವುದನ್ನೇ ಆರಿಸಿಕೊಂಡರೂ ನಿಯಮಗಳನ್ನು ವರ್ಷದ ಆರಂಭಕ್ಕೆ ಮುನ್ನ ಬರೆದು ಶಿಕ್ಷಕರೊಂದಿಗೆ ಕುಳಿತು ಓದಿ: ಏನನ್ನು ನೋಡುತ್ತೇವೆ, ಯಾರು ನೋಡುತ್ತಾರೆ, ಲೆಕ್ಕ ಹೇಗೆ, ಕಾಗದ ಯಾರ ಬಳಿ ಇರುತ್ತದೆ, ಒಪ್ಪದಿದ್ದರೆ ಎಷ್ಟು ದಿನದೊಳಗೆ ಯಾರಿಗೆ ಮೇಲ್ಮನವಿ ಸಲ್ಲಿಸಬೇಕು. ಮೊದಲ ವರ್ಷದ ಫಲಿತಾಂಶವನ್ನು ವೇತನಕ್ಕಾಗಲಿ ಬಡ್ತಿಗಾಗಲಿ ಬಳಸುವುದಿಲ್ಲ ಎಂದೂ ಅದೇ ಹಾಳೆಯಲ್ಲಿ ಬರೆಯಿರಿ. ಆ ವರ್ಷ ಇಬ್ಬರು ವೀಕ್ಷಕರ ಅಂಕಗಳು ಎಷ್ಟು ಹೊಂದಿಕೆಯಾದವು, ಹಿಂದುಳಿದ ತರಗತಿಗಳ ಶಿಕ್ಷಕರಿಗೆ ಕಡಿಮೆ ಬಿದ್ದವೇ, ಪ್ರಶ್ನಾವಳಿಯ ಯಾವ ಪ್ರಶ್ನೆ ಮಕ್ಕಳಿಗೆ ಅರ್ಥವಾಗಲಿಲ್ಲ ಎಂದು ನೋಡಿ, ವಿಧಾನವನ್ನು ತಿದ್ದಿ, ಎರಡನೆಯ ವರ್ಷಕ್ಕೆ ಹೋಗಿ.